ಮನೆಯಲ್ಲಿ ದುಡಿದ ವರ್ಷಗಳು

1980ರ ದಶಕದಲ್ಲಿ ಬ್ರಿಟನ್ನಿನ ತಾಯಂದಿರು ಮಕ್ಕಳ ಭತ್ಯೆ ಪಡೆಯಲು ಪೋಸ್ಟ್ ಆಫೀಸಿಗೆ ಹೋಗುತ್ತಿದ್ದೆವು. ಚೈಲ್ಡ್ ಬೆನಿಫಿಟ್ ಪುಸ್ತಕದ ಹಾಳೆ ಹರಿದು ಕೊಟ್ಟರೆ ಕೈಗೆ ಕಾಸು. ಮಕ್ಕಳ ಬೂಟು, ಹಾಲಿನವನ ಬಾಕಿ ಎಲ್ಲ ಅದರಲ್ಲೇ. ಆ ಪುಸ್ತಕ ನಮ್ಮ ಮುಪ್ಪಿನ ಪಿಂಚಣಿಗೂ ಆಧಾರ ಎಂದು ಕನ್ನಡದ ಗೆಳತಿಯರ ನಡುವೆ ಯಾರೂ ಮಾತಾಡಿದ್ದಿಲ್ಲ.

ಕಾನೂನು ಆಗಲೇ ಇತ್ತು. ಹೆಂಗಸರಿಗೆ ಪೂರ್ತಿ ಪಿಂಚಣಿ ಸಿಗಲು 39 ವರ್ಷ ನ್ಯಾಷನಲ್ ಇನ್ಶೂರೆನ್ಸ್ ಕಟ್ಟಿರಬೇಕಿತ್ತು. ಮಕ್ಕಳನ್ನು ಸಾಕಿದವಳು ಅಷ್ಟನ್ನು ಎಲ್ಲಿಂದ ತರಬೇಕು? ಅದಕ್ಕೇ 1978ರಲ್ಲಿ ‘ಹೋಮ್ ರೆಸ್ಪಾನ್ಸಿಬಿಲಿಟೀಸ್ ಪ್ರೊಟೆಕ್ಷನ್’ ಬಂತು. 16 ತುಂಬದ ಮಗುವಿನ ಭತ್ಯೆ ಯಾರ ಹೆಸರಿಗೆ ಬರುತ್ತಿತ್ತೋ ಅವರು ಮನೆಯಲ್ಲಿದ್ದ ವರ್ಷಗಳನ್ನು ಆ 39ರಿಂದ ಕಳೆಯುತ್ತಿದ್ದರು.

ಹಾಸಿಗೆ ಹಿಡಿದವರ ಆರೈಕೆಯ ಕಥೆ ಇನ್ನೂ ಕೆಟ್ಟದ್ದು. 1976ರಲ್ಲಿ ಶುರುವಾದ ಆರೈಕೆ ಭತ್ಯೆ ಗಂಡನೊಡನೆ ಬಾಳುವ ಹೆಂಗಸಿಗೆ ಇರಲಿಲ್ಲ; ಅವಳು ಹೇಗೂ ಮನೆಯಲ್ಲೇ ಇರುವವಳು ಎಂಬ ಎಣಿಕೆ. ತಾಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ಜಾಕ್ವೆಲಿನ್ ಡ್ರೇಕ್ ಯುರೋಪಿನ ನ್ಯಾಯಾಲಯದವರೆಗೆ ಹೋದ ಮೇಲೆ, 1986ರಲ್ಲಿ, ಆ ನಿಯಮ ಬಿತ್ತು. ನಮ್ಮ ಮನೆಗಳಲ್ಲಂತೂ ಅತ್ತೆಯ ಸೇವೆಗೆ ಲೆಕ್ಕ ಇಡುವುದೇ ಅಪಚಾರ ಎನ್ನುತ್ತಿದ್ದರು. ನಾನು ಅದನ್ನು ಒಪ್ಪುವುದಿಲ್ಲ. ರಾತ್ರಿಯೆಲ್ಲ ಎದ್ದು ಕೂತವಳ ಮುಪ್ಪಿಗೂ ಅನ್ನ ಬೇಕು.

2010ರಿಂದ ಇಂಥ ವರ್ಷಗಳು ನೇರವಾಗಿ ಕ್ರೆಡಿಟ್ ಆಗಿ ಜಮೆಯಾಗುತ್ತವೆ. ಭತ್ಯೆ ಹೆಸರಿನಲ್ಲಿದ್ದರೆ ಮಗುವಿಗೆ 12 ತುಂಬುವವರೆಗೆ; ಅಂಗವಿಕಲರ, ಕಾಯಿಲೆಯವರ ಆರೈಕೆಯಾದರೆ ವಾರಕ್ಕೆ ಕನಿಷ್ಠ 20 ಗಂಟೆ ಮಾಡಿರಬೇಕು. ದುಡಿಯುವ ಮಗಳು ತನ್ನ ಕ್ರೆಡಿಟ್ ಬಿಟ್ಟುಕೊಟ್ಟರೆ, ಮೊಮ್ಮಗುವನ್ನು ನೋಡಿಕೊಳ್ಳುವ, ಪಿಂಚಣಿ ವಯಸ್ಸಾಗದ ಅಜ್ಜಿಗೂ ಅದು ಸಲ್ಲುತ್ತದೆ. ಈಗಿನ ಹೊಸ ಸರ್ಕಾರಿ ಪಿಂಚಣಿ ಪೂರ್ತಿ ಸಿಗಲು 35 ವರ್ಷ ಬೇಕು. 2025–26ರಲ್ಲಿ ಪೂರ್ತಿ ಮೊತ್ತ ವಾರಕ್ಕೆ 230.25 ಪೌಂಡು. 35 ತುಂಬದವರಿಗೆ ಕಮ್ಮಿಯಾದ ಒಂದೊಂದು ವರ್ಷಕ್ಕೂ ವಾರಕ್ಕೆ ಸುಮಾರು ಆರೂವರೆ ಪೌಂಡು ಖೋತಾ, ಜೀವ ಇರುವವರೆಗೂ.

2000ದ ಮೇಗೆ ಮುಂಚೆ ಭತ್ಯೆಯ ಅರ್ಜಿಯಲ್ಲಿ ನ್ಯಾಷನಲ್ ಇನ್ಶೂರೆನ್ಸ್ ನಂಬರು ಬರೆಯುವುದು ಕಡ್ಡಾಯವಿರಲಿಲ್ಲ. ಹಾಗಾಗಿ ಎಷ್ಟೋ ತಾಯಂದಿರ ವರ್ಷಗಳು ಅವರ ಖಾತೆಗೆ ಸೇರಲೇ ಇಲ್ಲ, ನನ್ನವೂ ಸೇರಿರಲಿಲ್ಲ. 2023ರಲ್ಲಿ ಸರ್ಕಾರ ಪತ್ರ ಕಳಿಸಲು ಶುರು ಮಾಡಿತು. ಪತ್ರಕ್ಕಾಗಿ ಕಾಯಬೇಡಿ. 1978ರಿಂದ 2010ರವರೆಗೆ ಮಕ್ಕಳನ್ನು ಸಾಕಿದವರು ದಾಖಲೆ ನೋಡಿಕೊಂಡು, ಖಾಲಿ ಇದ್ದರೆ ಸಿಎಫ್ 411 ಫಾರಂ ತುಂಬಿ. ಗಂಡನ ಸಂಬಳ ಹೆಚ್ಚು, ಭತ್ಯೆ ತೆರಿಗೆಯಲ್ಲೇ ಹೋಗುತ್ತದೆ ಎಂದು ಸುಮ್ಮನಿರುವ ಇವತ್ತಿನ ಸೊಸೆಯಂದಿರೇ, ದುಡ್ಡು ಬೇಡವೆಂದು ಬರೆದಾದರೂ ಅರ್ಜಿ ಹಾಕಿ, ನಿಮ್ಮ ಹೆಸರಿನಲ್ಲೇ.