ಸಿಂಹಾವಲೋಕನ

ಎರಡು ವಾರಕ್ಕೊಮ್ಮೆ, ಶುಕ್ರವಾರ ಮಧ್ಯಾಹ್ನ, ನಮ್ಮ ಮನೆಯಲ್ಲಿ ಮೌನವ್ರತ. ಆಚರಿಸುವವನು ನಾನು, ವಿಧಿಸಿದವಳು ನನ್ನಾಕೆ. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಎಂಟು ಮಂದಿಯ ತಂಡವನ್ನು ನೋಡಿಕೊಳ್ಳುವ ಆಕೆ ಅಂದು ಮನೆಯಿಂದಲೇ ಕೆಲಸ ಮಾಡುತ್ತಾಳೆ. "ರೀ, ಇನ್ನೊಂದು ಗಂಟೆ ನಿಮ್ಮ ಪಂಪನನ್ನು ಮನಸ್ಸಿನಲ್ಲೇ ಓದಿಕೊಳ್ಳಿ. ನಮ್ಮ ರೆಟ್ರೊಸ್ಪೆಕ್ಟಿವ್ ಇದೆ" ಎಂದು ಕಂಪ್ಯೂಟರಿನ ಮುಂದೆ ಕುಳಿತುಬಿಡುತ್ತಾಳೆ.

ಕನ್ನಡ ಎಂ.ಎ. ಮಾಡಿದವನಿಗೆ ಪರಭಾಷೆಯ ಪದ ಕಿವಿಗೆ ಬಿದ್ದೊಡನೆ ಅದನ್ನು ಕನ್ನಡಿಸುವ ಚಪಲ ತಪ್ಪಿದ್ದಲ್ಲ. 'ಸಿಂಹಾವಲೋಕನ' ಎಂದೆ. ಸಿಂಹವು ನಡೆಯುತ್ತ ನಡೆಯುತ್ತ ಹೊರಳಿ, ಬಂದ ದಾರಿಯನ್ನು ನೋಡುವುದಂತೆ. ಆಕೆ ನಕ್ಕಳು. "ಹೆಸರೇನೋ ಚೆನ್ನಾಗಿದೆ. ಆದರೆ ಸಿಂಹಗಳು ಬಂದು ಕುಳಿತರೆ ನಮ್ಮ ಹುಡುಗರು ಬಾಯಿ ಬಿಡುವುದಿಲ್ಲ" ಎಂದಳು.

ಈ ಪದ್ಧತಿಗೂ ಒಂದು ಇತಿಹಾಸವುಂಟು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಸಂಸ್ಥಾನದ ಸ್ನೋಬರ್ಡ್ ಎಂಬ ಗಿರಿಧಾಮದಲ್ಲಿ 17 ಮಂದಿ ತಂತ್ರಜ್ಞರು ಸೇರಿ 'ಅಜೈಲ್' ಪ್ರಣಾಳಿಕೆಯನ್ನು ಬರೆದರು. ಅದರ 12 ತತ್ತ್ವಗಳಲ್ಲಿ ಕೊನೆಯದು ಇದೇ: ತಂಡವು ಆಗಾಗ ಕುಳಿತು, ತನ್ನ ಕೆಲಸದ ರೀತಿಯನ್ನು ತಾನೇ ವಿಮರ್ಶಿಸಿ ತಿದ್ದಿಕೊಳ್ಳಬೇಕು. ಅದೇ ವರ್ಷ ಈ ವಿಷಯವಾಗಿ ಪುಸ್ತಕ ಪ್ರಕಟಿಸಿದ ನಾರ್ಮನ್ ಕರ್ತ್ ಎಂಬಾತ ಇನ್ನೊಂದು ಮಾತು ಸೇರಿಸಿದ. ಪ್ರತಿಯೊಬ್ಬನೂ ಆ ಹೊತ್ತಿನ ತನ್ನ ತಿಳಿವಳಿಕೆಗೂ ಅನುಕೂಲಕ್ಕೂ ತಕ್ಕಂತೆ ಕೈಲಾದಷ್ಟು ಮಾಡಿದ್ದಾನೆಂದು ನಂಬಿಯೇ ಇಂಥ ಸಭೆಯನ್ನು ಆರಂಭಿಸಬೇಕಂತೆ. ಪರೀಕ್ಷಾ ಪತ್ರಿಕೆಗಳನ್ನು ತಿದ್ದುವ ನನಗೆ ಇದು ಅತಿಯಾದ ಔದಾರ್ಯವೆನಿಸಿತು.

ಕಳೆದ ಚಳಿಗಾಲದ ಒಂದು ಶುಕ್ರವಾರ ಆಕೆಯ ಮುಖ ಬಾಡಿತ್ತು. ತಂಡಕ್ಕೆ ಹೊಸದಾಗಿ ಸೇರಿದ ಹುಡುಗನೊಬ್ಬ ಮಾಡಿದ ಬದಲಾವಣೆಯಿಂದ ಗಿರಾಕಿಗಳ ಕೆಲಸ ಎರಡು ಗಂಟೆ ನಿಂತುಹೋಗಿತ್ತು. ಅಂದಿನಿಂದ ಅವನು ಯಾರೊಡನೆಯೂ ಮಾತನಾಡಿರಲಿಲ್ಲ. ರಾಜೀನಾಮೆ ಕೊಟ್ಟಾನೆಂದು ಈಕೆಗೆ ಅಂಜಿಕೆ. ಪಕ್ಕದ ಕೋಣೆಯಲ್ಲಿದ್ದ ನಾನು ಕಿವಿಗೊಟ್ಟೆ. ಕದ್ದು ಕೇಳಿದ್ದು ತಪ್ಪು, ಒಪ್ಪುತ್ತೇನೆ.

ಮೊದಲು ಎಲ್ಲರೂ ಮೌನವಾಗಿ ತಮ್ಮ ತಮ್ಮ ಅನಿಸಿಕೆಗಳನ್ನು ಬರೆದರು. ದೊಡ್ಡ ದನಿಯಲ್ಲಿ ಸಣ್ಣ ದನಿ ಮುಳುಗಬಾರದೆಂದು ಈ ಏರ್ಪಾಡು. ಬಳಿಕ ಆಕೆ 'ಯಾರು?' ಎಂದು ಕೇಳಲಿಲ್ಲ, 'ಹೇಗೆ?' ಎಂದು ಕೇಳಿದಳು. ಒಂದೊಂದಾಗಿ ಗಂಟುಗಳು ಬಿಚ್ಚಿಕೊಂಡವು. ಕೊನೆಗೆ ಹಿರಿಯನೊಬ್ಬನ ದನಿ: "ಪರೀಕ್ಷಿಸಬೇಕಾದ ಅಂಶಗಳ ಪಟ್ಟಿ ನನ್ನ ತಲೆಯಲ್ಲೇ ಇತ್ತು. ಬರೆದಿಡಲಿಲ್ಲ. ಅಂದು ನಾನು ರಜೆಯಲ್ಲಿದ್ದೆ." ಕ್ಷಣ ಹೊತ್ತು ನಿಶ್ಶಬ್ದ. ಆಮೇಲೆ ಆ ಹುಡುಗನೇ, "ಪಟ್ಟಿಯನ್ನು ನಾನು ಬರೆಯುತ್ತೇನೆ, ನೀವು ಹೇಳಿಕೊಡಿ" ಎಂದ. ಅಂದು ಆದದ್ದು ಆ ಒಂದೇ ನಿರ್ಧಾರ. ಹತ್ತು ನಿರ್ಧಾರ ಮಾಡಿದರೆ ಒಂದೂ ನಡೆಯುವುದಿಲ್ಲವೆಂದು ಆಕೆಯ ಅನುಭವ. ಮುಂದಿನ ಸಭೆಯ ಮೊದಲ ಪ್ರಶ್ನೆಯೇ, 'ಹಿಂದಿನ ನಿರ್ಧಾರ ಏನಾಯಿತು?'

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ತರಗತಿಯಲ್ಲಿ ಒಬ್ಬ ಹುಡುಗ 'ಹಕ್ಕಿ ಹಾರಿತು' ಎಂಬುದನ್ನು 'ಅಕ್ಕಿ ಆರಿತು' ಎಂದು ಓದಿದ್ದ. "ಆರಿದ್ದರೆ ಒಳಗೆ ತೆಗೆದಿಡಪ್ಪ, ಮಳೆ ಬಂದೀತು" ಎಂದಿದ್ದೆ. ತರಗತಿಯೆಲ್ಲ ನಕ್ಕಿತು. ಮರುದಿನದಿಂದ ಅವನು ಕೊನೆಯ ಬೆಂಚು ಸೇರಿದ. 'ಈಗಿನ ಹುಡುಗರು ಪ್ರಶ್ನೆಯನ್ನೇ ಕೇಳುವುದಿಲ್ಲ' ಎಂದು ಅಧ್ಯಾಪಕರ ಕೊಠಡಿಯಲ್ಲಿ ದೂರುತ್ತಿದ್ದವನೂ ನಾನೇ!

ಸೋಮವಾರ ಎಲ್ಲರಿಗೂ ಚೀಟಿ ಹಂಚಿದೆ. ಹೆಸರು ಬೇಡ; ನನ್ನ ಪಾಠದಲ್ಲಿ ಏನು ಬದಲಾಗಬೇಕೆಂಬುದಷ್ಟೇ ಸಾಕು ಎಂದೆ. ತಪ್ಪು ಓದಿದವರನ್ನು ಎಲ್ಲರೆದುರು ಹಾಸ್ಯ ಮಾಡಬಾರದೆಂದು ಒಂದು ಚೀಟಿ ಬಂದೀತೆಂದು ಎಣಿಸಿದ್ದೆ. ಬಂದದ್ದು ಹನ್ನೊಂದು. ಒಂದನ್ನು ಗಟ್ಟಿಯಾಗಿ ಓದಿ, ಇನ್ನು ಮುಂದೆ ಉಚ್ಚಾರವನ್ನು ತರಗತಿ ಮುಗಿದ ಮೇಲೆ, ಒಬ್ಬರೇ ಇದ್ದಾಗ ತಿದ್ದುವೆನೆಂದು ಮಾತು ಕೊಟ್ಟೆ.

ಎರಡು ವಾರ ಕಳೆಯಿತು. "ಕೊಟ್ಟ ಮಾತು ನಡೆಸಿದೆನೇ?" ಎಂದು ಕೇಳಿದೆ. ಯಾರೂ ಮಾತನಾಡಲಿಲ್ಲ. ಕೊನೆಯ ಬೆಂಚಿನಿಂದ ಆ ಹುಡುಗ ಮೆಲ್ಲನೆ ಎದ್ದು ನಿಂತ.

"ಒಂದು ಸಲ ತಪ್ಪಿದಿರಿ ಸಾರ್, ಓದ ಬುಧವಾರ."

ತರಗತಿ ನಕ್ಕಿತು, ಈ ಸಲ ನನ್ನನ್ನು ನೋಡಿ. ತಪ್ಪಿಹೋದ ಹಕಾರ ನನ್ನ ಕಿವಿಗೆ ಬಿದ್ದಿತ್ತು. ಗಂಟೆ ಹೊಡೆಯುವವರೆಗೆ ಸುಮ್ಮನಿದ್ದೆ.