ಕೈಕಟ್ಟಿ ನಿಂತು ಕಲಿಸುವುದು

ಅಕ್ಷರಾಭ್ಯಾಸದ ದಿನ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಮಗುವಿನ ಬೆರಳನ್ನು ಹಿಡಿದು ಹಿರಿಯರು ಮೊದಲ ಅಕ್ಷರವನ್ನು ಬರೆಸುತ್ತಾರೆ. ಆ ಅಕ್ಷರ ಮಗುವಿನದೋ ಹಿರಿಯರದೋ ಎಂದು ಯಾರೂ ವಿಚಾರಿಸುವುದಿಲ್ಲ. ಆದರೆ ಅದೇ ಮಗು ನಾಲ್ಕನೆಯ ತರಗತಿಗೆ ಬಂದ ಮೇಲೂ ತಂದೆ ಕೈಹಿಡಿದೇ ಬರೆಸುತ್ತಿದ್ದರೆ ಓಣಿಯೆಲ್ಲ ನಕ್ಕೀತು. ಹಿಡಿದ ಬೆರಳನ್ನು ಎಂದು ಬಿಡಬೇಕೆಂಬುದು ವಿದ್ಯಾದಾನದಷ್ಟೇ ಹಳೆಯ ಪ್ರಶ್ನೆ. ನನಗೆ ಅದು ಎದುರಾದುದು ಮಾತ್ರ ತೀರ ಹೊಸದಾದ ಒಂದು ವಸ್ತುವಿನ ಮುಂದೆ: ಶಾಲೆಯ ಮಕ್ಕಳು ಕಟ್ಟುವ ರೋಬೋಟಿನ ಮುಂದೆ.

ಬದುಕೆಲ್ಲ ಯಂತ್ರಗಳ ಸಹವಾಸದಲ್ಲಿ ಕಳೆದು ನಿವೃತ್ತನಾಗಿ ವಾಸ್ಕೋದಲ್ಲಿ ನೆಲೆನಿಂತ ನನ್ನಂಥವನನ್ನು ಶಾಲೆಯವರು ಕರೆಯುವುದು ಸಹಜವೇ. ಗೋವೆಯಲ್ಲಿ ಈಗ ರೋಬೋಟು ಸಿರಿವಂತರ ಮನೆಯ ಆಟಿಕೆಯಾಗಿ ಉಳಿದಿಲ್ಲ. 2016ರಲ್ಲಿ ನೀತಿ ಆಯೋಗವು ಅಟಲ್ ಟಿಂಕರಿಂಗ್ ಪ್ರಯೋಗಶಾಲೆಗಳ ಯೋಜನೆಯನ್ನು ಆರಂಭಿಸಿ, ಆಯ್ಕೆಯಾದ ಒಂದೊಂದು ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ನೆರವನ್ನು ಗೊತ್ತುಮಾಡಿತು. 2021ರಲ್ಲಿ ಗೋವಾ ಸರಕಾರವು 'ಕೇರ್ಸ್' ಎಂಬ ಯೋಜನೆಯಿಂದ 6ರಿಂದ 8ನೆಯ ತರಗತಿಯವರೆಗಿನ ಮಕ್ಕಳಿಗೆ ಕೋಡಿಂಗ್ ಮತ್ತು ರೋಬೋಟಿಕ್ಸನ್ನು ಪಾಠವಾಗಿಯೇ ತಂದಿತು. ಪಾಠವಿದ್ದಲ್ಲಿ ಸ್ಪರ್ಧೆ, ಸ್ಪರ್ಧೆಯಿದ್ದಲ್ಲಿ ಬಹುಮಾನ, ಬಹುಮಾನವಿದ್ದಲ್ಲಿ ತಂದೆತಾಯಿಗಳ ಉತ್ಸಾಹ, ಇದು ಲೋಕರೂಢಿ.

ಈ ಉತ್ಸಾಹದ ಸ್ವರೂಪವನ್ನು ಅರಿಯಬೇಕಾದರೆ ನಮ್ಮ ಗೋವೆಯ ನರಕಾಸುರನನ್ನು ನೆನೆದರೆ ಸಾಕು. ನರಕಚತುರ್ದಶಿಯ ಹಿಂದಿನ ರಾತ್ರಿ ಓಣಿ ಓಣಿಗಳಲ್ಲಿ ಎದ್ದು ನಿಲ್ಲುವ ಆ ರಾಕ್ಷಸನನ್ನು ಮಕ್ಕಳು ಹುಲ್ಲು, ಹಳೆಯ ಬಟ್ಟೆ, ಕಾಗದಗಳಿಂದ ತಾವೇ ಕಟ್ಟಿದಾಗ ಅವನ ಒಂದು ಕಣ್ಣು ಮೇಲೆ, ಒಂದು ಕೆಳಗೆ ಇರುತ್ತದೆ. ಆದರೂ ಅವನು ಅವರವನು. ಪೇಟೆಯಿಂದ ಸಿದ್ಧ ಮುಖವಾಡವನ್ನು ತಂದು ದೊಡ್ಡವರು ನಿಲ್ಲಿಸಿದ ನರಕಾಸುರ ಎಷ್ಟೇ ಭಯಂಕರನಾಗಿದ್ದರೂ ಮಕ್ಕಳು ಅವನ ಸುತ್ತ ನಿಂತು ನೋಡುವವರು ಮಾತ್ರ. ಒಂದು ಸ್ಪರ್ಧೆಯಲ್ಲಿ ಇಂಥ ರೋಬೋಟೊಂದನ್ನು ನಾನು ಕಂಡೆ. ಅಚ್ಚುಕಟ್ಟಾದ ರಚನೆ, ತಪ್ಪಿಲ್ಲದ ನಡಿಗೆ. ಅದು ಹೇಗೆ ತಿರುಗುತ್ತದೆಂದು ಬಳಿಯಲ್ಲಿದ್ದ ಹುಡುಗನನ್ನು ಕೇಳಿದರೆ, ಅವನು ಸಭೆಯಲ್ಲಿ ಕುಳಿತಿದ್ದ ತಂದೆಯ ಮುಖವನ್ನು ನೋಡಿದನು. ಆ ನೋಟ ಮರೆಯುವಂಥದಲ್ಲ. ಹುಡುಗನು ಮೋಸಗಾರನಲ್ಲ, ಅವನ ಕೈಯಿಂದ ಕೆಲಸವನ್ನು ಕಸಿದುಕೊಂಡವರು ಬೇರೆ.

ಹಾಗಾದರೆ ಹಿರಿಯರು ದೂರವೇ ಇರಬೇಕೆ? ಜಗತ್ತಿನಲ್ಲಿ ಈ ವಿಷಯವಾಗಿ ಎರಡು ಪಕ್ಷಗಳಿವೆ. 2004ರಲ್ಲಿ ಆರಂಭವಾದ ವಿಶ್ವ ರೋಬೋಟ್ ಒಲಿಂಪಿಯಾಡಿನಲ್ಲಿ ಇಬ್ಬರು ಅಥವಾ ಮೂವರು ಮಕ್ಕಳ ತಂಡಕ್ಕೆ ಒಬ್ಬ ತರಬೇತುದಾರನಿರಬಹುದು. ಆದರೆ ರೋಬೋಟನ್ನು ಕಟ್ಟುವ, ಪ್ರೋಗ್ರಾಂ ಬರೆಯುವ ಕೆಲಸವೆಲ್ಲ ಮಕ್ಕಳದೇ ಆಗಿರಬೇಕು. ಇದಕ್ಕೆ ಭಿನ್ನವಾಗಿ, ಡೀನ್ ಕೇಮನ್ನರು 1989ರಲ್ಲಿ ಅಮೆರಿಕದಲ್ಲಿ ಸ್ಥಾಪಿಸಿದ 'ಫಸ್ಟ್' ಸಂಸ್ಥೆಯ ಪ್ರೌಢಶಾಲಾ ಸ್ಪರ್ಧೆ 1992ರಲ್ಲಿ ಮೊದಲಾದಂದಿನಿಂದಲೂ ಎಂಜಿನಿಯರರು ವಿದ್ಯಾರ್ಥಿಗಳೊಡನೆ ಹೆಗಲಿಗೆ ಹೆಗಲು ಕೊಟ್ಟು ದುಡಿಯುತ್ತಾರೆ. ಆಟಗಾರರನ್ನು ಕಂಡು ಆಟದ ಮೋಹ ಹುಟ್ಟುವಂತೆ ಕೆಲಸ ಬಲ್ಲವರನ್ನು ಕಂಡು ಕೆಲಸದ ಮೋಹ ಹುಟ್ಟಬೇಕೆಂಬುದು ಅಲ್ಲಿಯ ನಂಬಿಕೆ. ಬಡಗಿಯ ಮಗ ತಂದೆಯ ಉಳಿಯನ್ನು ನೋಡಿಯೇ ಬಡಗಿಯಾಗುವ ನಮ್ಮ ನಾಡಿನವರಿಗೆ ಈ ಮಾತು ಹೊಸದಲ್ಲ. ಎರಡು ಪಕ್ಷಗಳಲ್ಲಿಯೂ ಸತ್ಯವಿದೆ. ಆದುದರಿಂದಲೇ ತೂಕ ಕಠಿನ.

ಕೈಕಟ್ಟಿ ದೂರ ನಿಲ್ಲುವುದೇ ನ್ಯಾಯವೆನ್ನುವವರಿಗೆ ನಾನು ಒಂದು ಮಾತನ್ನು ಕೇಳುತ್ತೇನೆ. ತಂದೆ ಎಂಜಿನಿಯರನಾಗಿರುವ ಮಗುವಿಗೆ ಊಟದ ಹೊತ್ತಿನಲ್ಲಿಯೂ ಪಾಠ ಸಿಗುತ್ತದೆ. ಬಾಗಲಕೋಟೆಯ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದು ಇಲ್ಲಿ ಬಾಡಿಗೆಯ ಕೋಣೆಯಲ್ಲಿರುವ ಸಂಸಾರದ ಮಗುವಿಗೆ ಅದು ಎಲ್ಲಿಂದ ಬರಬೇಕು? ಮನೆಯಲ್ಲಿ ಕನ್ನಡ, ಓಣಿಯಲ್ಲಿ ಕೊಂಕಣಿ, ಪೇಟೆಯಲ್ಲಿ ಹಿಂದಿ, ರೋಬೋಟಿನ ಕೈಪಿಡಿಯಲ್ಲಿ ಇಂಗ್ಲಿಷ್. ಅಂಥ ಮಗುವಿಗೆ ಯಾರೂ ನೆರವಾಗದಿರುವುದು ಸಮಾನತೆಯಾಗದು; ಅದು ಇರುವ ಅಂತರವನ್ನು ಕಾಯ್ದಿಡುವ ಉಪಾಯವಷ್ಟೆ.

ನಮ್ಮ ತಂಡದಲ್ಲಿ ಅಂಥ ಒಬ್ಬ ಹುಡುಗಿಯಿದ್ದಳು. ರೋಬೋಟು ನೇರ ಹೋಗಿ ಕಾಲು ಸುತ್ತು ತಿರುಗಬೇಕಾಗಿತ್ತು. ಬೆಳಿಗ್ಗೆ ಸರಿಯಾಗಿ ತಿರುಗಿದ್ದು ಮಧ್ಯಾಹ್ನದ ಹೊತ್ತಿಗೆ ಅರ್ಧದಲ್ಲೇ ನಿಲ್ಲತೊಡಗಿತು. "ಸರ, ಮುಂಜಾನಿ ಛಲೋ ತಿರಗತಿತ್ತು, ಈಗ್ಯಾಕ ಅರ್ಧಕ್ಕ ನಿಂದರತೈತಿ?" ಎಂದು ಅವಳು ಕೇಳಿದಳು. ಕಾರಣ ನನಗೆ ನೋಡಿದೊಡನೆ ತಿಳಿದಿತ್ತು. ಇಷ್ಟು ಹೊತ್ತು ಮೋಟಾರು ಓಡಲಿ ಎಂದು ಮಕ್ಕಳು ಕಾಲದ ಲೆಕ್ಕದಲ್ಲಿ ಪ್ರೋಗ್ರಾಂ ಬರೆದಿದ್ದರು. ಬ್ಯಾಟರಿ ಇಳಿದಂತೆ ಅಷ್ಟೇ ಹೊತ್ತಿನಲ್ಲಿ ಚಕ್ರ ಕಡಿಮೆ ತಿರುಗುತ್ತಿತ್ತು. ಬಲ್ಲವನಿಗೆ ಮೌನದಷ್ಟು ಕಷ್ಟದ ವ್ರತ ಇನ್ನೊಂದಿಲ್ಲ. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಬೆಳಗಿಗೂ ಈಗಿಗೂ ಏನೇನು ಬದಲಾಗಿದೆ, ಬರೆಯಿರಿ" ಎಂದಷ್ಟೇ ಹೇಳಿದೆನು.

ಅವರು ಬರೆದರು: ನೆಲ, ಚಕ್ರದ ಧೂಳು, ಸೆಕೆ, ಬ್ಯಾಟರಿ. ಒಂದೊಂದನ್ನೇ ಪರೀಕ್ಷಿಸಿದರು. ಧೂಳನ್ನು ಒರೆಸಿದರು, ಫಲವಿಲ್ಲ. ಜಾಗ ಬದಲಿಸಿದರು, ಫಲವಿಲ್ಲ. ಒಂದೂವರೆ ಗಂಟೆಯ ಮೇಲೆ ಹುಡುಗಿ ತುಂಬಿದ ಬ್ಯಾಟರಿಯನ್ನು ಹಾಕಿದಳು. ರೋಬೋಟು ಪೂರ್ತಿಯಾಗಿ ತಿರುಗಿತು. ಯಾವಾಗಲೂ ತುಂಬಿದ ಬ್ಯಾಟರಿಯನ್ನೇ ಹಾಕೋಣವೆಂದು ಜೊತೆಯ ಹುಡುಗ ಹೇಳಿದಾಗ ಅವಳು ಒಪ್ಪಲಿಲ್ಲ. "ಸ್ಪರ್ಧಾದಾಗ ಮಧ್ಯಾಹ್ನತನಾ ಅದು ತುಂಬೇ ಇರತೈತೇನು?" ಎಂದಳು.

ಆಗ ನಾನು ಬಾಯಿ ತೆರೆದೆನು. ಚಕ್ರ ಎಷ್ಟು ತಿರುಗಿತೆಂಬುದನ್ನು ಎಣಿಸುವ ಸಾಧನವೊಂದು ಆ ಮೋಟಾರಿನೊಳಗೇ ಇದೆ. ಅದು ಇದೆಯೆಂಬುದನ್ನು ಯಾವ ಮಗುವೂ ಊಹೆಯಿಂದ ಕಂಡುಹಿಡಿಯಲಾರದು. ಇಂಗ್ಲಿಷ್ ಕೈಪಿಡಿಯ ಒಂದು ಪುಟದಲ್ಲಿ ಅದು ಅಡಗಿತ್ತು. ಆ ಪುಟವನ್ನು ಕನ್ನಡದಲ್ಲಿ ಓದಿ ಹೇಳಿ ಮತ್ತೆ ಸುಮ್ಮನಾದೆನು. ಕಾಲು ಸುತ್ತಿಗೆ ಎಷ್ಟು ಎಣಿಕೆ ಬೇಕೆಂಬುದನ್ನು ಅವರೇ ಅಳೆದು, ತಪ್ಪಿ, ಮತ್ತೆ ಅಳೆದು ಗೊತ್ತುಮಾಡಿದರು.

ಅಂದಿನಿಂದ ನನ್ನ ನಿಯಮ ಇಷ್ಟು. ಇರುವುದನ್ನು ತಿಳಿಸುವುದು ಹಿರಿಯರ ಕೆಲಸ. ಅದರಿಂದ ಏನು ಮಾಡಬೇಕೆಂದು ನಿರ್ಧರಿಸುವುದು ಮಕ್ಕಳ ಕೆಲಸ. ಬೆಸುಗೆಯ ಕಡ್ಡಿ, ಹರಿತವಾದ ಅಲಗು, ಉಬ್ಬಿದ ಬ್ಯಾಟರಿ ಇವುಗಳ ಮುಂದೆ ಮಾತ್ರ ನಾನು ಅನುಮತಿ ಕೇಳದೆ ಕೈಹಾಕುತ್ತೇನೆ. ಮಗು ಕಣ್ಣೀರಿಗೆ ಬಂದಾಗ ಉತ್ತರವನ್ನಲ್ಲ, ಮುಂದಿನ ಒಂದು ಪ್ರಶ್ನೆಯನ್ನು ಕೊಡುತ್ತೇನೆ. ಸ್ಪರ್ಧೆಗೆ ಎರಡು ದಿನ ಮುಂಚೆ ರೋಬೋಟಿನ ಒಂದು ಭಾಗವನ್ನು ಬಿಚ್ಚಿ ಮತ್ತೆ ಕಟ್ಟಿರೆನ್ನುತ್ತೇನೆ. ಕಟ್ಟಲು ಬಂದರೆ ಅದು ಅವರದು. ಬಾರದಿದ್ದರೆ ಅದು ಇನ್ನೂ ನನ್ನದೇ.

ನಮ್ಮ ತಂಡಕ್ಕೆ ಬಹುಮಾನ ಬರಲಿಲ್ಲ. ಆದರೆ ಕಾಲವನ್ನು ಬಿಟ್ಟು ಸುತ್ತುಗಳನ್ನೇಕೆ ಎಣಿಸಿದಿರೆಂದು ತೀರ್ಪುಗಾರರು ಕೇಳಿದಾಗ ಆ ಹುಡುಗಿ ಹಿಂದಿಯನ್ನೂ ಇಂಗ್ಲಿಷನ್ನೂ ಬೆರೆಸಿ, ಎಲ್ಲಿಯೂ ತಡವರಿಸದೆ ವಿವರಿಸಿದಳು. ಸಭೆಯಲ್ಲಿ ಯಾರ ಮುಖವನ್ನೂ ಅವಳು ನೋಡಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲವೆಂಬುದೇ ನನಗೆ ದೊರೆತ ಸಂಭಾವನೆ.

ಬಂದರಿನಲ್ಲಿ, ಹಡಗುಕಟ್ಟೆಯಲ್ಲಿ, ಕಾರಖಾನೆಗಳಲ್ಲಿ ದುಡಿದು ಕೈ ಪಳಗಿದ ಕನ್ನಡಿಗರು ನಮ್ಮ ಸಂಘದಲ್ಲಿ ಅನೇಕರಿದ್ದೀರಿ. ಶನಿವಾರದ ಎರಡು ಗಂಟೆಗಳನ್ನು ಹತ್ತಿರದ ಶಾಲೆಗೆ ಕೊಡಿರೆಂದು ನನ್ನ ಬಿನ್ನಹ. ಮಕ್ಕಳಿಗೆ ನಿಮ್ಮ ವಿದ್ಯೆ ಬೇಕು, ಅದಕ್ಕಿಂತಲೂ ನಿಮ್ಮ ಕನ್ನಡ ಬೇಕು. ಹೋಗುವಾಗ ತಾಳ್ಮೆಯನ್ನು ಜೊತೆಯಲ್ಲಿ ಒಯ್ಯಿರಿ. ಸ್ಕ್ರೂಡ್ರೈವರು ಮನೆಯಲ್ಲಿಯೇ ಇರಲಿ.