ಹೀರುವ ಯಂತ್ರವೂ ನಮ್ಮ ಬಿ.ಎ. ಪದವಿಯೂ

ಸರಕಾರಿ ಕಚೇರಿಯ ಗುಮಾಸ್ತರಾದ ನಮಗೂ ಈಜುಕೊಳಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಾವಾಗಿ ಬಯಸಿದ ಸಂಬಂಧವಲ್ಲ. ಹೈದರಾಬಾದಿನ ಮಿಯಾಪುರದ ಕಡೆ ಸಾಲ ಮಾಡಿ ಕೊಂಡ ಫ್ಲಾಟಿನೊಡನೆ ಕೊಳದಲ್ಲೊಂದು ಪಾಲೂ ಬಂತು. ನಿವಾಸಿಗಳ ಸಂಘದವರು, “ನಿಮಗೆ ಕಡತ ಬರೆದು ಅಭ್ಯಾಸವಿದೆ” ಎಂದು ಕಾರ್ಯದರ್ಶಿಯ ಪಟ್ಟವನ್ನೂ ಕಟ್ಟಿದರು. ಅಂದಿನಿಂದ ಕೊಳಕ್ಕೆ ಬಿದ್ದ ಪ್ರತಿಯೊಂದು ಬೇವಿನೆಲೆಗೂ ನಾವೇ ಜವಾಬುದಾರರು.

ಕೊಳವನ್ನು ದಿನವೂ ಬೆಳಗ್ಗೆ ಉದ್ದ ಕೋಲಿನ ಬ್ರಷ್ಷಿನಿಂದ ಉಜ್ಜುತ್ತಿದ್ದವರು ಯಾದಗಿರಿ ಕಡೆಯ ಒಬ್ಬ ಹಿರಿಯರು. ಮಕ್ಕಳಿಗೆಲ್ಲ ಅವರು ‘ಕಾಕಾ’. ತೆಲುಗು, ಉರ್ದುಗಳ ನಡುವೆ ಅವರ ಕನ್ನಡ ಕಿವಿಗೆ ಬಿದ್ದರೆ ನಮ್ಮ ಮನೆಯವರಿಗೆ ತವರಿನವರು ಬಂದಷ್ಟು ಸಂತೋಷ. ಹೀಗಿರಲು, ಕಳೆದ ಯುಗಾದಿಯ ಹೊತ್ತಿಗೆ ಸಂಘದವರು ಕೊಳ ಗುಡಿಸುವ ಸ್ವಯಂಚಾಲಿತ ಯಂತ್ರವೊಂದನ್ನು ಕೊಂಡರು. ಯಂತ್ರ ಬಂದ ಮೇಲೆ ಮನುಷ್ಯನೇಕೆ? ಮುಂದಿನ ತಿಂಗಳಿನಿಂದ ತಮ್ಮ ಸೇವೆ ಬೇಕಾಗಿಲ್ಲವೆಂಬ ಪತ್ರವನ್ನು ಬರೆಯುವ ಕೆಲಸ ನಮ್ಮ ಪಾಲಿಗೆ ಬಂತು. ಬರೆದೆವು. ಕೊಡಲು ಮಾತ್ರ ಕೈ ಬಾರದೆ ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದೆವು.

ಯಂತ್ರದ ಕುಲಗೋತ್ರವನ್ನೂ ಹೇಳಬೇಕು. ದಕ್ಷಿಣ ಆಫ್ರಿಕದ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಫರ್ಡಿನಾಂಡ್ ಶೋವಿಯೆ ಎಂಬ ಎಂಜಿನಿಯರು 1974ರಲ್ಲಿ ಹೊರತಂದ ‘ಕ್ರೀಪಿ ಕ್ರಾಲಿ’ ಈ ವಂಶದ ಹಿರಿಯರಲ್ಲೊಂದು. ಇಂಥ ಯಂತ್ರಕ್ಕೆ ತನ್ನದೆಂಬ ಮೋಟಾರಿಲ್ಲ. ಪಂಪು ಕೊಳದ ಗೋಡೆಯಲ್ಲಿರುವ ಒಂದು ಬಾಯಿಂದ ನೀರನ್ನು ಎಳೆಯುತ್ತದೆ. ಆ ಬಾಯಿಗೆ ಉದ್ದನೆಯ ಪೈಪಿನಿಂದ ಯಂತ್ರವನ್ನು ಸಿಕ್ಕಿಸಿದರೆ, ನೀರಿನ ಸೆಳೆತಕ್ಕೆ ಅದರೊಳಗಿನ ರಬ್ಬರಿನ ಪೊರೆ ಪಟಪಟ ಬಡಿದು, ಯಂತ್ರ ತೆವಳುತ್ತ ಕಸ ನುಂಗುತ್ತದೆ. ನಮಗೆ ಸರ್ ಎಂ. ವಿಶ್ವೇಶ್ವರಯ್ಯನವರ ನೆನಪಾಯಿತು. 1908ರ ಮೂಸಿ ಪ್ರವಾಹದ ತರುವಾಯ ಹೈದರಾಬಾದಿಗೆ ಬಂದು ಜಲಾಶಯಗಳ ಯೋಜನೆ ಕೊಟ್ಟ ಅವರೇ, ಅದಕ್ಕೆ ಮೊದಲು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ ನೀರಿನ ಮಟ್ಟಕ್ಕೆ ತಕ್ಕಂತೆ ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ಇಡಿಸಿದವರು. “ನೀರಿನ ಬಲದಿಂದಲೇ ನೀರಿನ ಕೆಲಸ! ಕನ್ನಡಿಗರಿಗೆ ಇದೇನು ಹೊಸದಲ್ಲ” ಎಂದು ಮಗಳಿಗೆ ಭಾಷಣವನ್ನೂ ಮಾಡಿದೆವು.

ಹತ್ತನೆಯ ದಿನ ಯಂತ್ರ, ‘ಪರಿಶೀಲನೆಯಲ್ಲಿದೆ’ ಎಂದು ಬರೆದಿಟ್ಟ ಕಡತದಂತೆ ಒಂದೇ ಮೂಲೆಯಲ್ಲಿ ಕುಳಿತುಬಿಟ್ಟಿತು. ಭಾನುವಾರ ಸಂಜೆ ನಾವೇ ರಿಪೇರಿಗೆ ಹೊರಟೆವು. ಬಿ.ಎ. ಪಾಸು ಮಾಡಿದವರಿಗೆ ಒಂದು ಪುಸ್ತಿಕೆ ಓದಿ ಯಂತ್ರ ನಡೆಸುವುದು ಬಾರದೆ? ಗೋಡೆಯ ಬಾಯಿಗೆ ಸ್ಪ್ರಿಂಗಿನ ಮುಚ್ಚಳವೊಂದಿತ್ತು; ಅಡ್ಡ ಬರುತ್ತದೆಂದು ಅದನ್ನು ಬಿಚ್ಚಿ ಬದಿಗಿಟ್ಟೆವು. ಪೈಪನ್ನೂ ಕಿತ್ತೆವು. ಪಂಪು ಓಡುತ್ತಲೇ ಇತ್ತು. ಅಷ್ಟರಲ್ಲಿ ಒಂಬತ್ತು ವರ್ಷದ ನಮ್ಮ ಮಗಳು ಕೂದಲು ಬಿಟ್ಟುಕೊಂಡು ನೀರಿಗಿಳಿದು ಅದೇ ಗೋಡೆಯ ಕಡೆಗೆ ಬಂದಳು.

“ಸಾಹೇಬ್ರ! ಕೂಸಿನ್ನ ಹಿಡೀರಿ!” ಎಂದು ಕೂಗುತ್ತಲೇ ಕಾಕಾ ಪಂಪಿನ ಕೋಣೆಗೆ ಓಡಿ ಸ್ವಿಚ್ಚು ಆರಿಸಿದರು. ನಾವು ಉಟ್ಟ ಬಟ್ಟೆಯಲ್ಲೇ ಹಾರಿ ಮಗಳನ್ನು ಎಳೆದುಕೊಂಡೆವು. ಏನೂ ಆಗಿರಲಿಲ್ಲ. ಆದರೆ ಕಾಕಾ ನಡುಗುತ್ತಿದ್ದರು. “ಆ ಬಾಯಿಗೆ ಕೈ ಸಿಗಲಿ, ಕೂದ್ಲಾ ಸಿಗಲಿ, ಪಂಪ್ ಬಿಡಂಗಿಲ್ರಿ” ಎಂದರು. ಅಮೆರಿಕದಲ್ಲಿ 2002ರಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ತೊಟ್ಟಿಯ ತಳದ ಇಂಥದೇ ಸೆಳೆತಕ್ಕೆ ಸಿಕ್ಕಿ ತೀರಿಕೊಂಡಳೆಂದೂ, 2007ರಲ್ಲಿ ಅಲ್ಲಿನ ಸಾರ್ವಜನಿಕ ಕೊಳಗಳಿಗೆ ಸುರಕ್ಷಿತ ಮುಚ್ಚಳ ಕಡ್ಡಾಯವೆಂದು ಕಾಯಿದೆಯಾಯಿತೆಂದೂ ನಾವು ಆಮೇಲೆ ಓದಿದೆವು. ಕಾಕಾ ಅದನ್ನು ಓದದೆಯೇ ಬಲ್ಲವರು.

ಮರುದಿನ ಬೆಳಗ್ಗೆ ಅವರು ನಮ್ಮನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರು. “ಮಷಿನ್ ಕೆಟ್ಟಿಲ್ರಿ, ಗಾಳಿ ಕುಡೀಲಿಕ್ಹತ್ಯದ” ಎಂದು ತೀರ್ಪಿತ್ತರು. ಪಂಪು ನಿಲ್ಲಿಸಿ, ಅದರ ಬುಟ್ಟಿಯಲ್ಲಿ ತುಂಬಿದ್ದ ಬೇವಿನೆಲೆ ತೆಗೆದರು. ಮುಚ್ಚಳದ ರಬ್ಬರು ಬಳೆಯನ್ನು ಒರೆಸಿ ಸಿಲಿಕೋನ್ ಗ್ರೀಸು ಸವರಿದರು. ಮರಳಿನ ಫಿಲ್ಟರಿನ ಒತ್ತಡದ ಮುಳ್ಳು ಶುಭ್ರವಿದ್ದಾಗಿನದಕ್ಕಿಂತ 10 ಪಿ.ಎಸ್.ಐ. ಮೇಲೇರಿತ್ತು, ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆದರು. ಯಂತ್ರದ ರಬ್ಬರಿನ ಪೊರೆಯನ್ನು ಬೆಳಕಿಗೆ ಹಿಡಿದು ಹರಿದಿಲ್ಲವೆಂದು ಖಾತ್ರಿ ಮಾಡಿಕೊಂಡರು. ತೇಲುವ ಪೈಪಿನ ಒಂದು ಜೋಡಣೆ ಸಡಿಲವಾಗಿತ್ತು. ಅಲ್ಲಿ ನುಗ್ಗಿದ ಗಾಳಿ, ಕೊಳಕ್ಕೆ ನೀರು ಮರಳುವ ಬಾಯಲ್ಲಿ ಗುಳ್ಳೆಯಾಗಿ ಹೊರಬರುತ್ತಿತ್ತಂತೆ. ನಾವು ಪುಸ್ತಿಕೆಯನ್ನು ಮೂರು ಸಲ ಓದಿದ್ದೆವು, ಗುಳ್ಳೆಯನ್ನು ಒಂದು ಸಲವೂ ನೋಡಿರಲಿಲ್ಲ. ಪೈಪನ್ನು ಸುರುಳಿ ಸುತ್ತಿ ಮೊಳೆಗೆ ತೂಗುಹಾಕಿದ್ದೂ ನಮ್ಮದೇ ಜಾಣತನ. ಅದು ಸೊಟ್ಟಗಾದದ್ದರಿಂದ ಯಂತ್ರ ಮೂಲೆ ಹಿಡಿದಿತ್ತು. ಅದನ್ನು ಬಿಸಿಲಿನಲ್ಲಿ ನೇರವಾಗಿ ಚಾಚಿಟ್ಟು, ಬಳಿಕ ಒಳಗೆಲ್ಲ ನೀರು ತುಂಬಿಸಿ ಸಿಕ್ಕಿಸಿದರು. ಯಂತ್ರ ಹೊರಟಿತು.

ಜೇಬಿನ ಪತ್ರ ಹಿಂದಿನ ಸಂಜೆಯೇ ನೆನೆದು ಅಕ್ಷರವೆಲ್ಲ ಕದಡಿಹೋಗಿತ್ತು. ಅದರ ಸಂಗತಿಯನ್ನು ಅವರಿಗೆ ತಿಳಿಸಿಯೇಬಿಡೋಣವೆಂದು ಬಾಯಿ ತೆರೆದೆವು.

“ಗೊತ್ತದರಿ ಸಾಹೇಬ್ರ. ವಾಚ್‌ಮನ್ ಹೋದ ವಾರನ ಹೇಳ್ಯಾನ” ಎಂದರು ಕಾಕಾ, ಪೈಪನ್ನು ಒರೆಸುತ್ತ.

ಹೋದ ವಾರವೇ ಗೊತ್ತಿತ್ತು! ಗೊತ್ತಿದ್ದೂ ಅವರು ದಿನವೂ ಕೊಳ ಉಜ್ಜಿದ್ದರು, ಗೊತ್ತಿದ್ದೂ ಓಡಿದ್ದರು.

ಆ ರಾತ್ರಿ ನಾವು ಸಂಘಕ್ಕೆ ಇನ್ನೊಂದು ಪತ್ರ ಬರೆದೆವು: ಯಂತ್ರ ಕಾಕಾ ಅವರ ವಶದಲ್ಲಿರಬೇಕು, ಗೋಡೆಯ ಮುಚ್ಚಳವನ್ನು ಯಾರೂ ಬಿಚ್ಚಕೂಡದು, ಯಂತ್ರ ನೀರಿನಲ್ಲಿರುವಾಗ ಯಾರೂ ಈಜಬಾರದು. ಸಭೆಯಲ್ಲಿ ಖರ್ಚಿನ ಮಾತು ಬಂತು. ನಾವು ಮಗಳ ಸಂಗತಿ ಹೇಳಿದೆವು, ತಪ್ಪು ನಮ್ಮದೆಂದೂ ಒಪ್ಪಿಕೊಂಡೆವು. ಸಂಬಳ ಹೆಚ್ಚಿಸಲು ಸಭೆ ಒಪ್ಪಲಿಲ್ಲ. ಕೆಲಸದಿಂದ ಬಿಡಿಸಲೂ ಒಪ್ಪಲಿಲ್ಲ. ಸಂಬಳದ ಕಡತವನ್ನು ನಾವು ಇನ್ನೂ ಮುಚ್ಚಿಲ್ಲ.